ಉರಿಗಾಂನವರು ಭಾಷಣ ಕೇಳಿದ ಬಗೆ

ದೊಡ್ಡ ಚಿಂತಕರೊಬ್ಬರು ಊರಿಗೆ ಬರುತ್ತಾರೆ ಅಂದರೆ ನಮ್ಮಲ್ಲಿ ಮೊದಲು ಆಗುವ ಕೆಲಸ ಯಾವುದು? ಫ್ಲೆಕ್ಸ್. ಅದರ ನಂತರ ಸ್ವಾಗತ ಸಮಿತಿ. ಆಮೇಲೆ ವೇದಿಕೆಯಲ್ಲಿ ಯಾರ್ಯಾರು ಕೂರಬೇಕು ಎಂಬ ಚರ್ಚೆ. ಅದರಲ್ಲೇ ಎರಡು ವಾರ ಕಳೆದುಹೋಗುತ್ತದೆ. ಕಾರ್ಯಕ್ರಮದ ದಿನ ಸ್ವಾಗತ, ಪ್ರಾಸ್ತಾವಿಕ, ಶಾಲು, ಸ್ಮರಣಿಕೆ, ಮುಖ್ಯ ಅತಿಥಿಗಳದ್ದು ತಲಾ ನಾಲ್ಕು ಮಾತು. ಯಾರ ಮಾತು ಕೇಳಲೆಂದು ಜನ ಬಂದಿದ್ದರೋ ಅವರ ಕೈಗೆ ಮೈಕ್ ಸಿಗುವಾಗ ಗಂಟೆ ಒಂಬತ್ತೂವರೆ. ಅಷ್ಟರಲ್ಲಿ ಹಿಂದಿನ ಸಾಲಿನ ಹೆಂಗಸರು ಕೊನೆಯ ಬಸ್ಸಿನ ಲೆಕ್ಕ ಹಾಕಿ ಎದ್ದಾಗಿರುತ್ತದೆ. ಭಾಷಣ ಮುಗಿದ ಮೇಲೆ ಸೆಲ್ಫಿ. ಮರುದಿನ ಮನೆಯಲ್ಲಿ ಉಮ್ಮ, "ಅವರು ಎಂತ ಹೇಳಿದ್ರು ಮೋನೆ?" ಅಂತ ಕೇಳಿದರೆ, "ಭಾರೀ ಲಾಯ್ಕ್ ಮಾತಾಡಿದ್ರು" ಎಂಬುದನ್ನು ಬಿಟ್ಟು ಬೇರೆ ಉತ್ತರ ಸಿಗುವುದು ಕಷ್ಟ.

ಇದನ್ನು ಯಾರನ್ನೂ ಹಂಗಿಸಲಿಕ್ಕೆ ಹೇಳುವುದಲ್ಲ. ಸಭೆ ಮಾಡುವುದು ಸುಲಭದ ಕೆಲಸವೂ ಅಲ್ಲ. ಹಣ ಹೊಂದಿಸಬೇಕು, ಹಾಲ್ ಹುಡುಕಬೇಕು, ಪರವಾನಿಗೆ ಪಡೆಯಬೇಕು, ಮಳೆಗೆ ಹೆದರಬೇಕು. ಇಷ್ಟೆಲ್ಲ ಮಾಡಿ ಒಬ್ಬ ಚಿಂತಕರನ್ನು ಕರೆಸಿದ ಮೇಲೆ ನಮ್ಮ ಮನೆಗಳಿಗೆ ಅದರಿಂದ ಏನು ಬಂತು ಎಂಬ ಲೆಕ್ಕವನ್ನು ಯಾರೂ ಇಡುವುದಿಲ್ಲ. ಆ ಲೆಕ್ಕವನ್ನು ಇಟ್ಟ ಒಂದು ಊರಿನ ಕತೆ ನಮಗೆ ಗೊತ್ತಿರುವುದು ಒಳ್ಳೆಯದು. ಆ ಊರು ನಮ್ಮ ಕಡಲ ಬದಿಯದ್ದಲ್ಲ. ರಾಜ್ಯದ ಆಚೆ ತುದಿಯಲ್ಲಿರುವ ಕೋಲಾರದ ಚಿನ್ನದ ಗಣಿಯ ಊರು. ಉರಿಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂ ಎಂದು ಒಂದಕ್ಕೊಂದು ತಾಗಿಕೊಂಡಿರುವ ಊರುಗಳ ಸಾಲು.

ಬ್ಯಾರಿಗಳ ಪುಟದಲ್ಲಿ ಚಿನ್ನದ ಗಣಿ ಏಕೆ ಅಂತ ಓದುಗರು ಕೇಳಬಹುದು. ಕಾರಣ ಉಂಟು. ಅಲ್ಲಿಯ ಗಣಿಗಾರರೂ ನಮ್ಮ ಹಾಗೆ ಮನೆಯಲ್ಲಿ ಒಂದು ಭಾಷೆ, ರಾಜ್ಯದಲ್ಲಿ ಇನ್ನೊಂದು ಭಾಷೆ ಇಟ್ಟುಕೊಂಡವರು. ಅವರಲ್ಲೂ ಹೆಚ್ಚಿನವರು ದುಡಿಮೆಗೆಂದು ಊರು ಬಿಟ್ಟು ಹೋದವರು. ಶಾಲೆ ಕಂಡವರು ಕಡಿಮೆ. ಆದರೂ ನೂರು ವರ್ಷದ ಹಿಂದೆ ಅವರು ತಮ್ಮ ಕಾಲದ ದೊಡ್ಡ ಚಿಂತಕರನ್ನು ಭೇಟಿಯಾದ ರೀತಿಯನ್ನು ನೋಡಿದರೆ, ಇಂದು ಎಲ್ಲ ಅನುಕೂಲ ಇರುವ ನಮಗೆ ಕಲಿಯಲಿಕ್ಕೆ ಬಹಳ ಸಿಗುತ್ತದೆ.

ಗಣಿಯ ಮೇಲಿನ ಊರು

ಬೆಂಗಳೂರಿನಿಂದ ರೈಲಿನಲ್ಲಿ ಹೋದರೆ ಮೊದಲು ಬಂಗಾರಪೇಟೆ. ಬ್ರಿಟಿಷರ ಕಾಲದಲ್ಲಿ ಅದಕ್ಕೆ ಬೌರಿಂಗ್‌ಪೇಟೆ ಅಂತ ಹೆಸರು. ಅಲ್ಲಿಂದ ಒಂದು ಕವಲು ಹಳಿ ಗಣಿಯ ಕಡೆ ತಿರುಗುತ್ತದೆ. ಕೋರಮಂಡಲ್, ಉರಿಗಾಂ, ಚಾಂಪಿಯನ್, ಕೊನೆಗೆ ಮಾರಿಕುಪ್ಪಂ. ಒಟ್ಟು ದೂರ ಹದಿನಾರು ಕಿಲೋಮೀಟರಿನಷ್ಟು. ಸ್ಟೇಷನ್ನುಗಳ ಹೆಸರಿನಲ್ಲೇ ಅರ್ಧ ಚರಿತ್ರೆ ಉಂಟು: ಗಣಿ ಕಂಪೆನಿಗಳ ಹೆಸರು ಕೆಲವು, ಹಳೆಯ ಹಳ್ಳಿಗಳ ಹೆಸರು ಕೆಲವು.

ಜಾನ್ ಟೇಲರ್ ಕಂಪೆನಿ 1880ರ ಸುಮಾರಿಗೆ ಇಲ್ಲಿ ಗಣಿಗಾರಿಕೆಗೆ ಇಳಿಯಿತು. ಈ ಯಂತ್ರಗಳಿಗಾಗಿಯೇ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತನ್ನು ಎಳೆದು ತರಲಾಯಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದರ ನಂತರ. ಚಾಂಪಿಯನ್ ರೀಫಿನ ಗಣಿ ಕೊನೆಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಅಷ್ಟು ಕೆಳಗೆ ಬಂಡೆಯೇ ಸುಡುತ್ತಿರುತ್ತದೆ. ಬಂಡೆ ಸಿಡಿದು ಸತ್ತವರುಂಟು, ಕಲ್ಲಿನ ಧೂಳಿನಿಂದ ಶ್ವಾಸಕೋಶ ಕೆಟ್ಟು ಸತ್ತವರುಂಟು. ಕೆಳಗಿಳಿದು ದುಡಿದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟಿನ ಕಡೆಯಿಂದ ಬಂದ ತಮಿಳು ಮಾತಿನ ದಲಿತರು. ತಟ್ಟಿಯ ಗುಡಿಸಲುಗಳ ಸಾಲು ಅವರ ಮನೆ. ಗಣಿಯೊಳಗೆ ಅವರ ಬೆವರು ಬೇಕಿತ್ತು; ಮೇಲೆ ಬಂದ ಮೇಲೆ ಊರಿನ ಬಾವಿಯ ಹತ್ತಿರ ಅವರ ನೆರಳೂ ಬೇಡವಾಗಿತ್ತು.

ಹೀಗೆ ಬದುಕುವವರಿಗೆ ಪಾಳಿ ಮುಗಿಸಿ ಬಂದ ಮೇಲೆ ಬೇಕಾದದ್ದು ನಿದ್ದೆ. ಅವರು ನಿದ್ದೆ ಬಿಟ್ಟು ಭಾಷಣಕ್ಕೆ ಹೋದರು.

ಒಂದು ಪೈಸೆಯ ಪತ್ರಿಕೆ

ಆ ಕಾಲದಲ್ಲಿ ಮದರಾಸಿನ ರಾಯಪೇಟೆಯಲ್ಲಿ ಅಯೋತಿದಾಸ ಪಂಡಿತರು ಎಂಬ ಸಿದ್ಧವೈದ್ಯರಿದ್ದರು. 1845ರಲ್ಲಿ ಹುಟ್ಟಿದವರು. ಅಸ್ಪೃಶ್ಯರೆಂದು ತಳ್ಳಲ್ಪಟ್ಟ ತನ್ನ ಜನ ಮೂಲತಃ ಬೌದ್ಧರು, ಜಾತಿಯನ್ನು ಒಪ್ಪದ ಕಾರಣಕ್ಕೇ ಅವರನ್ನು ಕೆಳಗೆ ತಳ್ಳಲಾಯಿತು ಎಂಬುದು ಅವರ ವಾದ. 1898ರಲ್ಲಿ ಕರ್ನಲ್ ಆಲ್ಕಾಟ್ ಜೊತೆ ಸಿಲೋನಿಗೆ ಹೋಗಿ ಬೌದ್ಧ ದೀಕ್ಷೆ ಪಡೆದು ಬಂದು, ಮದರಾಸಿನಲ್ಲಿ ಶಾಕ್ಯ ಬೌದ್ಧ ಸಂಘವನ್ನು ಕಟ್ಟಿದರು. 1907ರಲ್ಲಿ ಒಂದು ವಾರಪತ್ರಿಕೆ ಶುರು ಮಾಡಿದರು. ಅದರ ಬೆಲೆಯೇ ಅದರ ಹೆಸರು: 'ಒರು ಪೈಸಾ ತಮಿಳನ್'. ಮರುವರ್ಷ ಬರೀ 'ತಮಿಳನ್' ಆಯಿತು.

ಮದರಾಸಿನಿಂದ ಗಣಿಗೆ ರೈಲು ಇತ್ತು, ಗಣಿಯಲ್ಲಿ ತಮಿಳು ಓದಬಲ್ಲವರು ಕೆಲವರಿದ್ದರು. ಅಷ್ಟು ಸಾಕಾಯಿತು. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲೇ ಮಾರಿಕುಪ್ಪಂ ಮತ್ತು ಚಾಂಪಿಯನ್ ರೀಫಿನಲ್ಲಿ ಸಂಘದ ಶಾಖೆಗಳು ಎದ್ದವು. ಬೆಂಗಳೂರು, ಹುಬ್ಬಳ್ಳಿ, ಕಡಲಾಚೆಯ ರಂಗೂನ್ ಮತ್ತು ನಟಾಲಿನಲ್ಲೂ ಶಾಖೆಗಳಿದ್ದವು. ಆದರೆ ಚಿನ್ನದ ಗಣಿಯ ಶಾಖೆಗಳಷ್ಟು ಗಟ್ಟಿಯಾಗಿ ಬಾಳಿದವು ಕಡಿಮೆ. ಸಮಾಜಶಾಸ್ತ್ರಜ್ಞ ಜಿ. ಅಲೋಷಿಯಸ್ ಈ ಚಳವಳಿಯ ಮೇಲೆ 1998ರಲ್ಲಿ ಬರೆದ ಪುಸ್ತಕವನ್ನು, ಗಣಿ ಕಾರ್ಮಿಕರ ಬಗ್ಗೆ ಅದೇ ವರ್ಷ ಬಂದ ಜಾನಕಿ ನಾಯರ್ ಅವರ ಪುಸ್ತಕವನ್ನು ಓದಿದವರಿಗೆ ಆ ದಿನಗಳ ಚಿತ್ರ ಕಣ್ಣಿಗೆ ಕಟ್ಟುತ್ತದೆ.

ಶಾಖೆ ಎಂದರೆ ಬೋರ್ಡು ಹಾಕಿದ ಆಫೀಸು ಅಂತ ತಿಳಿಯಬೇಡಿ. ಅಲ್ಲಿ ವಾರವಾರ ಉಪನ್ಯಾಸ ನಡೆಯುತ್ತಿತ್ತು. ಓದು ಬರುವವನು ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದ, ಉಳಿದವರು ಸುತ್ತ ಕೂತು ಕೇಳುತ್ತಿದ್ದರು. ಹೊರಗಿನ ಭಾಷಣಕಾರರು ಬರುವುದು ಯಾವಾಗಲೋ ಒಮ್ಮೆ. ಆದರೆ ಅವರು ಬರುವ ಹೊತ್ತಿಗೆ ಅವರ ವಿಚಾರ ಆಗಲೇ ಆ ಗುಡಿಸಲುಗಳಿಗೆ ಬಂದು ಹಳೆಯದಾಗಿರುತ್ತಿತ್ತು. ಕೇಳುವವರಿಗೆ ಹಿನ್ನೆಲೆ ಗೊತ್ತು, ಎಲ್ಲಿ ಅನುಮಾನ ಎಂಬುದೂ ಗೊತ್ತು.

ಇನ್ನೊಂದು ವಿಷಯ. ಅವರು ಬರೀ ಕೇಳಿಸಿಕೊಂಡು ಕೂರಲಿಲ್ಲ, ಬರೆದು ಕೇಳಿದರು. 'ತಮಿಳನ್' ಪತ್ರಿಕೆಯಲ್ಲಿ ಓದುಗರ ಪ್ರಶ್ನೆಗಳಿಗೆ ಪಂಡಿತರ ಉತ್ತರ ಅಚ್ಚಾಗುತ್ತಿತ್ತು. ಗಣಿಯಿಂದಲೂ ಪತ್ರಗಳು ಹೋಗುತ್ತಿದ್ದವು. ಈ ಹಬ್ಬವನ್ನು ಮಾಡಬೇಕೋ ಬೇಡವೋ, ಮದುವೆಯನ್ನು ಹೇಗೆ ನಡೆಸುವುದು, ಈ ಮಾತಿನ ಮೂಲ ಯಾವುದು ಎಂಬಂಥ ಬದುಕಿನ ಪ್ರಶ್ನೆಗಳೇ ಆ ಚಳವಳಿಯ ಜೀವಾಳ. ತಾನು ಮೆಚ್ಚಿದ ಚಿಂತಕನಿಗೆ ಒಬ್ಬ ಗಣಿ ಕೆಲಸಗಾರ ಪ್ರಶ್ನೆ ಕಳಿಸುತ್ತಾನೆ, ಅದಕ್ಕೆ ಉತ್ತರ ಮುದ್ರಣವಾಗಿ ಅವನ ಓಣಿಗೆ ವಾಪಸು ಬರುತ್ತದೆ, ಅದನ್ನು ಎಲ್ಲರೆದುರು ಓದಲಾಗುತ್ತದೆ. ಇದಕ್ಕಿಂತ ದೊಡ್ಡ ಭೇಟಿ ಯಾವುದು ಮಾರಾಯ್ರೆ? ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರೆ ಅಷ್ಟು ಹತ್ತಿರ ಆಗುವುದುಂಟೇ?

ಅಲ್ಲಿ ಬಂದ ವಿಚಾರಗಳೆಲ್ಲ ಒಂದೇ ರಾಗದವೂ ಆಗಿರಲಿಲ್ಲ. ಮದರಾಸಿನ ವಿಜ್ಞಾನ ಪ್ರಾಧ್ಯಾಪಕ ಪಿ. ಲಕ್ಷ್ಮೀನರಸು ಅದೇ ಬೌದ್ಧ ಬಳಗದವರು. ಆದರೆ ಅವರದ್ದು ತರ್ಕದ ದಾರಿ. ಪಂಡಿತರದ್ದು ಹಳೆಯ ತಮಿಳು ಗ್ರಂಥಗಳನ್ನು ಬಗೆದು ತನ್ನ ಜನರ ಚರಿತ್ರೆ ಹೇಳುವ ದಾರಿ. ಇಬ್ಬರ ನಡುವೆ ಭಿನ್ನಮತ ಇತ್ತು. ನರಸು ಅವರ 'ದಿ ಎಸೆನ್ಸ್ ಆಫ್ ಬುದ್ಧಿಸಂ' 1907ರಲ್ಲಿ ಬಂತು. ಅದರ ಮೂರನೇ ಆವೃತ್ತಿಗೆ 1948ರಲ್ಲಿ ಮುನ್ನುಡಿ ಬರೆದವರು ಡಾ. ಬಿ.ಆರ್. ಅಂಬೇಡ್ಕರ್. ಅಂಬೇಡ್ಕರರು ನಾಗಪುರದಲ್ಲಿ ಬೌದ್ಧಧರ್ಮ ಸ್ವೀಕರಿಸಿದ್ದು 1956ರಲ್ಲಿ. ಮಾರಿಕುಪ್ಪಂನ ಗಣಿಗಾರರು ಆ ಪ್ರಶ್ನೆಯನ್ನು ಕೈಗೆತ್ತಿಕೊಂಡು ಆಗಲೇ ಅರ್ಧ ಶತಮಾನವಾಗಿತ್ತು.

ಅಯೋತಿದಾಸರು 1914ರಲ್ಲಿ ತೀರಿಕೊಂಡರು. ಅವರ ನಂತರ ಪತ್ರಿಕೆ ಕುಂಟಿತು, ನಿಂತಿತು. ಅದನ್ನು ಮತ್ತೆ ಎಬ್ಬಿಸಿದವರು ಮದರಾಸಿನ ವಿದ್ವಾಂಸರಲ್ಲ. 1926ರಲ್ಲಿ ಅದೇ 'ತಮಿಳನ್' ಈ ಚಿನ್ನದ ಗಣಿಯಿಂದಲೇ, ಜಿ. ಅಪ್ಪಾದೊರೈಯಾರ್ ಅವರ ಸಂಪಾದಕತ್ವದಲ್ಲಿ ಹೊರಟು 1930ರ ದಶಕದವರೆಗೂ ನಡೆಯಿತು. ಅಪ್ಪಾದೊರೈಯಾರ್ ಮುಂದೆ ಪೆರಿಯಾರರ ಸ್ವಾಭಿಮಾನ ಚಳವಳಿಯ ವೇದಿಕೆಗಳಲ್ಲೂ ಮಾತಾಡಿದವರು. ಪಂಡಿತರು ಪತ್ರಿಕೆಯಲ್ಲಿ ಕಂತು ಕಂತಾಗಿ ಬರೆದದ್ದನ್ನು ಪುಸ್ತಕ ಮಾಡಿ ಉಳಿಸಿದ್ದು ಇಲ್ಲಿಯ ಸಿದ್ಧಾರ್ಥ ಪುಸ್ತಕಶಾಲೆ. ಇಂದು ತಮಿಳುನಾಡಿನ ವಿಶ್ವವಿದ್ಯಾಲಯಗಳಲ್ಲಿ ಅಯೋತಿದಾಸರ ಮೇಲೆ ಸಂಶೋಧನೆ ನಡೆಯುತ್ತಿದ್ದರೆ ಅದರ ಒಂದು ಪಾಲು ಋಣ ಈ ಗಣಿಗಾರರದ್ದು. ಚಿಂತಕ ಹೋದ ಮೇಲೆ ಚಿಂತನೆಯನ್ನು ಕಾಪಾಡಿದವರು ಅವನ ಶ್ರೋತೃಗಳು.

1930ರಲ್ಲಿ ಗಣಿ ಕಂಪೆನಿ ಕಾರ್ಮಿಕರೆಲ್ಲರ ಹೆಬ್ಬೆಟ್ಟಿನ ಗುರುತು ಪಡೆದು ನೋಂದಣಿ ಮಾಡಲು ಹೊರಟಿತು. ಸಾವಿರಾರು ಜನ ಕೆಲಸ ನಿಲ್ಲಿಸಿದರು. ಮುಷ್ಕರ ಮೂರು ವಾರ ನಡೆಯಿತು. ಭಾಷಣ ಕೇಳಿದ್ದರಿಂದಲೇ ಮುಷ್ಕರ ಆಯಿತು ಎಂದರೆ ಉತ್ಪ್ರೇಕ್ಷೆ. ಕೂಲಿ, ಸಿಟ್ಟು, ಹಸಿವು ಎಲ್ಲ ಅದರ ಹಿಂದೆ ಇದ್ದವು. ಆದರೆ ತನ್ನನ್ನು ಕಳ್ಳನ ಹಾಗೆ ಗುರುತು ಹಾಕಿಡುವುದು ಅವಮಾನ ಅಂತ ಅನ್ನಿಸಬೇಕಾದರೆ, ತಾನೂ ಮಾನ ಇರುವ ಮನುಷ್ಯ ಎಂಬುದು ಮೊದಲು ತಲೆಯಲ್ಲಿ ಕೂತಿರಬೇಕು. ಅದನ್ನು ಇಪ್ಪತ್ತು ವರ್ಷದಿಂದ ಅವರು ವಾರವಾರ ಕೇಳುತ್ತಾ ಬಂದಿದ್ದರು.

ಕಾಲ ಕೆಳಗೇ ಇದ್ದ ವಿಜ್ಞಾನಿಗಳು

ಉರಿಗಾಂನ ಕತೆಗೆ ಇನ್ನೊಂದು ಮುಖವೂ ಉಂಟು. ದೊಡ್ಡವರನ್ನು ಕಾಣಲು ನಾವು ದೂರದ ನಗರಗಳಿಗೆ ಹೋಗುತ್ತೇವೆ, ಟಿಕೇಟು ಮಾಡಿ ವಿಮಾನದಲ್ಲಿ ಕರೆಸುತ್ತೇವೆ. ಕೆಲವೊಮ್ಮೆ ಅವರು ನಮ್ಮ ಕಾಲ ಕೆಳಗೇ ಇರುತ್ತಾರೆ. ಗಣಿಯಲ್ಲಿ ಇದು ಅಕ್ಷರಶಃ ನಿಜವಾಯಿತು.

ಆಕಾಶದಿಂದ ಸದಾ ಸುರಿಯುವ ವಿಶ್ವಕಿರಣಗಳನ್ನು ಅಳೆಯಲು ಆಳದ ಜಾಗ ಬೇಕು. ಮೇಲಿನ ಬಂಡೆ ಬೇಡದ ಕಣಗಳನ್ನೆಲ್ಲ ತಡೆಯುತ್ತದೆ, ಬೇಕಾದದ್ದು ಮಾತ್ರ ಕೆಳಗೆ ತಲುಪುತ್ತದೆ. ಹೋಮಿ ಭಾಭಾ ಅವರ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕಣ್ಣು ಕೋಲಾರದ ಗಣಿಯ ಮೇಲೆ ಬಿದ್ದದ್ದು ಹೀಗೆ. 1950ರ ದಶಕದ ಆರಂಭದಲ್ಲಿ ಈ ಕೆಲಸಕ್ಕೆ ಗಣಿಗೆ ಇಳಿದವರಲ್ಲಿ ಮುಖ್ಯರು ಬಿ.ವಿ. ಶ್ರೀಕಂಠನ್, ನಂಜನಗೂಡಿನಲ್ಲಿ 1925ರಲ್ಲಿ ಹುಟ್ಟಿದ ಕನ್ನಡಿಗರು. 1965ರಲ್ಲಿ ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಸೇರಿ, ಚಾಂಪಿಯನ್ ರೀಫಿನಲ್ಲಿ ಸುಮಾರು 2,300 ಮೀಟರ್ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿ ಬಂದ ನ್ಯೂಟ್ರಿನೋ ಕಣಗಳ ಗುರುತು ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಗಣಿಯಲ್ಲೂ ಇನ್ನೊಂದು ತಂಡ ಇದನ್ನೇ ಕಂಡಿತು. ಭೌತಶಾಸ್ತ್ರದ ಪುಸ್ತಕಗಳಲ್ಲಿ ಇವೆರಡು ಹೆಸರು ಜೊತೆಯಾಗಿ ಬರುತ್ತವೆ.

ಗಣಿಗಾರನ ಮಗನೊಬ್ಬನನ್ನು ಊಹಿಸಿಕೊಳ್ಳಿ. ಅವನ ಅಪ್ಪ ದಿನಾ ಇಳಿಯುವ ಅದೇ ಆಳಕ್ಕೆ, ಅದೇ ರಾಟೆಯ ಗೂಡಿನಲ್ಲಿ ಜಗತ್ತಿನ ದೊಡ್ಡ ವಿಜ್ಞಾನಿಗಳು ಇಳಿಯುತ್ತಿದ್ದಾರೆ. ಅವರು ಕೆಳಗೆ ಎಂತ ಹುಡುಕುತ್ತಿದ್ದಾರೆ ಎಂಬುದನ್ನು ಅವನಿಗೆ ಅವನ ಭಾಷೆಯಲ್ಲಿ ಒಬ್ಬರು ಕೂತು ಹೇಳಿದರೆ ಅದು ಭೇಟಿ. ಹೇಳುವವರು ಸಿಗದೆ ಹೋದರೆ ಅವರು ಬರೀ ಟೊಪ್ಪಿ ಹಾಕಿದ ದೊಡ್ಡ ಸಾಹೇಬರು, ಅಷ್ಟೇ. ಚಿಂತಕರು ಹತ್ತಿರ ಇದ್ದ ಮಾತ್ರಕ್ಕೆ ಭೇಟಿ ಆಗುವುದಿಲ್ಲ, ನಡುವೆ ಮಾತು ದಾಟಿಸುವವರು ಬೇಕು. ಶ್ರೀಕಂಠನ್ ಅವರು ಮುಂದೆ ಟಾಟಾ ಸಂಸ್ಥೆಯ ನಿರ್ದೇಶಕರಾದರು. ನಿವೃತ್ತಿಯ ನಂತರ ಬೆಂಗಳೂರಿಗೆ ಬಂದು, ವಿಜ್ಞಾನ ಮತ್ತು ತತ್ವಶಾಸ್ತ್ರ ಎರಡನ್ನೂ ಜೊತೆಯಾಗಿ ಯೋಚಿಸುತ್ತಾ 2019ರವರೆಗೆ ಬದುಕಿದ್ದರು.

ನಮ್ಮ ಕರಾವಳಿಯಲ್ಲೂ ಹೀಗೆ ಹತ್ತಿರ ಇದ್ದೂ ದೂರ ಇರುವವರು ಎಷ್ಟು ಮಂದಿ! ಸುರತ್ಕಲ್‌ನ ಎನ್‌ಐಟಿಕೆಯಲ್ಲಿ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ, ದೇರಳಕಟ್ಟೆಯ ವೈದ್ಯಕೀಯ ಕಾಲೇಜುಗಳಲ್ಲಿ ಜೀವಮಾನವಿಡೀ ಒಂದು ಪ್ರಶ್ನೆಯ ಹಿಂದೆ ಬಿದ್ದವರು ಸಿಗುತ್ತಾರೆ. ಬಸ್ಸಿಗೆ ಮೂವತ್ತು ರೂಪಾಯಿ ಕೊಟ್ಟರೆ ಅವರಲ್ಲಿಗೆ ತಲುಪಬಹುದು. ನಮ್ಮ ಜಮಾಅತಿನ ಹಾಲ್‌ಗೆ ಅವರನ್ನು ಯಾರೂ ಕರೆದಿರುವುದಿಲ್ಲ, ಅಷ್ಟೇ.

ನಮ್ಮ ಬಾಸೆ, ನಮ್ಮ ವೇದಿಕೆ

ನಮಗೆ ಭಾಷಣ ಹೊಸತೇನೂ ಅಲ್ಲ. ಬ್ಯಾರಿಗಳ ಹಾಗೆ ರಾತ್ರಿಯಿಡೀ ಕೂತು ಮಾತು ಕೇಳುವ ಜನ ಕಡಿಮೆ. ಮತಪ್ರಸಂಗಕ್ಕೆ ಮೈಲುಗಟ್ಟಲೆ ನಡೆದು ಹೋಗಿ, ಸುಬಹಿಗೆ ಮೊದಲು ಮನೆ ಸೇರಿದ ಅಜ್ಜಂದಿರ ಕತೆ ಎಲ್ಲ ಮನೆಯಲ್ಲೂ ಉಂಟು. ಹೆಂಗಸರು ಮರೆ ಕಟ್ಟಿದ ಜಾಗದಲ್ಲಿ ಕೂತು ಕೇಳಿ ಬಂದು, ಒಲೆಯ ಮುಂದೆ ಅದನ್ನೇ ಮಕ್ಕಳಿಗೆ ಕತೆಯಾಗಿ ಹೇಳಿದ್ದೂ ಉಂಟು. ಹಾಗೆ ನೋಡಿದರೆ ಕೇಳುವ ಕಿವಿ ನಮಗೆ ಪಿತ್ರಾರ್ಜಿತ.

ಆದರೆ ಆ ಮಾತುಗಳಲ್ಲಿ ಹೆಚ್ಚಿನವು ಮಲಯಾಳದಲ್ಲಿ ಇದ್ದವು. ಉಸ್ತಾದರು ಗಡಿಯಾಚೆಯವರು, ಕಿತಾಬುಗಳು ಅರಬಿ-ಮಲಯಾಳದವು. ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು. ಮನೆಯ ಬಾಸೆಯಲ್ಲಿ ವಿಚಾರ ಹೇಳುವ ವೇದಿಕೆಯೇ ಇರಲಿಲ್ಲ. ಬ್ಯಾರಿಯಲ್ಲಿ ಬೈಯಬಹುದು, ಮುದ್ದು ಮಾಡಬಹುದು, ವ್ಯಾಪಾರ ಮಾಡಬಹುದು; ದೊಡ್ಡ ವಿಚಾರಕ್ಕೆ ಬೇರೆ ಭಾಷೆಯೇ ಬೇಕು ಎಂದು ನಾವು ನಂಬಿಕೊಂಡು ಬಂದೆವು. ಗಣಿಗಾರರ ಅದೃಷ್ಟ ಈ ವಿಷಯದಲ್ಲಿ ನಮಗಿಂತ ಚೆನ್ನಾಗಿತ್ತು. ಅವರ ಚಿಂತಕರು ಅವರ ಮನೆಮಾತಿನಲ್ಲೇ ಬರೆದರು, ಅದರಲ್ಲೇ ಮಾತಾಡಿದರು.

ಆ ನಂಬಿಕೆ ಮೊದಲು ಬಿರುಕು ಬಿಟ್ಟದ್ದು 1998ರಲ್ಲಿ, ಬಂಟ್ವಾಳದಲ್ಲಿ ಮೊದಲ ಬ್ಯಾರಿ ಸಾಹಿತ್ಯ ಸಮ್ಮೇಳನ ನಡೆದಾಗ. ಕವಿಯೂ ಶಾಸಕರೂ ಆಗಿದ್ದ ಬಿ.ಎಂ. ಇದಿನಬ್ಬ ಅಧ್ಯಕ್ಷತೆ ವಹಿಸಿದ್ದರು. ಮುಂದೆ ಕಾದಂಬರಿಕಾರ ಫಕೀರ್ ಮುಹಮ್ಮದ್ ಕಟ್ಪಾಡಿ ಅವರೂ ಒಂದು ಸಮ್ಮೇಳನದ ಅಧ್ಯಕ್ಷರಾದರು. 2007ರಲ್ಲಿ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಬಂತು. 2011ರ 'ಬ್ಯಾರಿ' ಚಿತ್ರಕ್ಕೆ ರಾಷ್ಟ್ರಮಟ್ಟದ ಸ್ವರ್ಣಕಮಲ ಸಿಕ್ಕಿತು. ಇವುಗಳ ಬೆಲೆ ಪ್ರಶಸ್ತಿ ಫಲಕಗಳಲ್ಲಿ ಮಾತ್ರ ಇಲ್ಲ. ಮೈಕಿನಲ್ಲಿ ತನ್ನ ಬಾಸೆ ಕೇಳಿದ ಅಜ್ಜಿಯೊಬ್ಬರು, "ಅಯ್ಯೋ, ಇವರು ನಮ್ಮ ಹಾಗೇ ಮಾತಾಡ್ತಾರಲ್ವಾ!" ಅಂದುಕೊಂಡರೆ, ಆ ಕ್ಷಣದಲ್ಲಿ ಚಿಂತಕರು ಮತ್ತು ಅಡುಗೆಮನೆಯ ನಡುವಿನ ಗೋಡೆ ಒಂದಿಷ್ಟು ಕುಸಿಯುತ್ತದೆ.

ನಾವು ಯಾರನ್ನು ಕೇಳಿಸಿಕೊಂಡೆವು?

ಹೊರಗಿನ ಚಿಂತಕರಿಗೆ ಶಾಲು ಹೊದಿಸುವುದು ಕಷ್ಟವಲ್ಲ. ನಮ್ಮೊಳಗಿನವರು ನಮ್ಮದೇ ಹುಳುಕನ್ನು ತೋರಿಸಿದಾಗ ಏನು ಮಾಡುತ್ತೇವೆ? ಅಲ್ಲಿ ನಮ್ಮ ಕೇಳುವ ಶಕ್ತಿಯ ಪರೀಕ್ಷೆ.

ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿ ಮಂಗಳೂರಿನಲ್ಲಿ ಬದುಕಿದ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಮೊದಲು ಬಂದದ್ದು 1980ರ ದಶಕದ ಆರಂಭದಲ್ಲಿ, ಲಂಕೇಶ್ ಪತ್ರಿಕೆಯಲ್ಲಿ. ತಲಾಖಿನ ಹೆಸರಲ್ಲಿ ಒಬ್ಬ ಹೆಣ್ಣಿನ ಬಾಳು ಗಂಡಸರ ಹಠಕ್ಕೆ ಹೇಗೆ ಬಲಿಯಾಯಿತು ಎಂಬುದು ಅದರ ಕತೆ. ನಮ್ಮ ಎಷ್ಟೋ ಮನೆಗಳ ಕತೆಯೂ ಅದೇ ಆಗಿತ್ತು. 1985ರಲ್ಲಿ ಪುತ್ತೂರಿನಲ್ಲಿ ಸಾಹಿತ್ಯ ಸಭೆಗೆ ಹೋದಾಗ ಅವರ ಮೇಲೆ ಹಲ್ಲೆ ನಡೆಯಿತು. ಅವರು ಬರೆಯುವುದನ್ನು ನಿಲ್ಲಿಸಲಿಲ್ಲ. 2023ರ ಜನವರಿಯಲ್ಲಿ ತೀರಿಕೊಂಡಾಗ, ಅಂದು ವಿರೋಧಿಸಿದ ವಲಯಗಳಿಂದಲೂ ಗೌರವದ ಮಾತು ಬಂತು. ಒಳ್ಳೆಯದೇ. ಆದರೆ ಆ ಮಾತನ್ನು ಕೇಳಿಸಿಕೊಳ್ಳಬೇಕಾದ ಸಾರಾ ಆಗ ಇರಲಿಲ್ಲ.

ಹಾಸನದ ಬಾನು ಮುಷ್ತಾಕ್ ಅವರದ್ದೂ ಇದರ ಹತ್ತಿರದ ದಾರಿ. 1979ರಲ್ಲಿ ಬೆಂಗಳೂರಿನ ಸಮ್ಮೇಳನದಿಂದ ಶುರುವಾದ ಬಂಡಾಯ ಸಾಹಿತ್ಯ ಚಳವಳಿಯ ಗಾಳಿಯಲ್ಲಿ ಬೆಳೆದವರು ಅವರು. ಬಂಡಾಯದ ಸಭೆಗಳಲ್ಲಿ ದಲಿತರು, ಮುಸ್ಲಿಮರು, ಹೆಂಗಸರು ಒಂದೇ ಚಾಪೆಯಲ್ಲಿ ಕೂತು ಒಬ್ಬರ ಮಾತು ಇನ್ನೊಬ್ಬರು ಕೇಳಿದರು. 2025ರ ಮೇ ತಿಂಗಳಲ್ಲಿ ದೀಪಾ ಭಾಸ್ತಿ ಅನುವಾದಿಸಿದ ಅವರ 'ಹಾರ್ಟ್ ಲ್ಯಾಂಪ್'ಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಮ್ಮ ಸ್ಟೇಟಸ್‌ಗಳಲ್ಲೆಲ್ಲ ಅವರ ಫೋಟೋ. ಆ ಫೋಟೋ ಹಾಕಿದವರಲ್ಲಿ ಅವರ ಒಂದು ಕತೆಯನ್ನಾದರೂ ಓದಿದವರು ಎಷ್ಟು ಮಂದಿ ಎಂಬ ಪ್ರಶ್ನೆಯನ್ನು ಪ್ರತಿಯೊಬ್ಬರೂ ತಮ್ಮಲ್ಲೇ ಕೇಳಿಕೊಳ್ಳಬಹುದು. ಲಂಡನ್ನಿನ ವೇದಿಕೆ ಒಪ್ಪಿದ ಮೇಲೆ ಅಭಿಮಾನ ಪಡುವುದು ಸುಲಭ. ಅಯೋತಿದಾಸರನ್ನು ಗಣಿಗಾರರು ಒಪ್ಪಿಕೊಂಡಾಗ ಯಾವ ವಿಶ್ವವಿದ್ಯಾಲಯವೂ ಅವರನ್ನು ಒಪ್ಪಿರಲಿಲ್ಲ, ಯಾವ ಬಹುಮಾನವೂ ಬಂದಿರಲಿಲ್ಲ. ತಮ್ಮ ಬದುಕಿಗೆ ತಾಗಿದ ಮಾತು ಎಂದು ಅವರಿಗೇ ಗೊತ್ತಾಯಿತು, ಹಿಡಿದುಕೊಂಡರು.

ಹಾಗಾದರೆ ಏನು ಮಾಡಬಹುದು?

ಈಗ ಎಲ್ಲವೂ ಯೂಟ್ಯೂಬಿನಲ್ಲಿ ಸಿಗುತ್ತದೆ, ಸಭೆಗೆ ಹೋಗುವುದು ಏಕೆ ಅಂತ ಮಕ್ಕಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಕೇಳುವುದಷ್ಟೇ ಆದರೆ ಮೊಬೈಲು ಸಾಕು. ಆದರೆ ಮೊಬೈಲಿನಲ್ಲಿ ಮಾತಾಡುವವರಿಗೆ ನಮ್ಮ ಊರು ಗೊತ್ತಿಲ್ಲ. ನಾವು ಕೈ ಎತ್ತಿದರೆ ಅವರಿಗೆ ಕಾಣುವುದಿಲ್ಲ. ಎದುರಿಗೆ ಕೂತವರಿಗೆ, "ನೀವು ಹೇಳಿದ್ದು ಸರಿ ಸರ್, ಆದರೆ ನಮ್ಮಲ್ಲಿ ಹೀಗಾಗ್ತದೆ" ಅಂತ ಹೇಳಬಹುದು. ಅದು ಭೇಟಿಯ ಅರ್ಧ ಭಾಗ.

ಉರಿಗಾಂನ ಅನುಭವವನ್ನು ನಮ್ಮ ಮೊಹಲ್ಲಾಗಳಿಗೆ ಹೊಂದಿಸಿ ಕೆಲವು ಸಣ್ಣ ಸಲಹೆಗಳನ್ನು ಇಡುತ್ತೇವೆ. ಖರ್ಚಿನವು ಯಾವುದೂ ಇಲ್ಲ.

ಚಿಂತಕರು ಬರುವ ಮೊದಲೇ ಅವರ ಒಂದು ಲೇಖನ, ಒಂದು ಕತೆ, ಏನಾದರೂ ಇರಲಿ, ನಾಲ್ಕು ಮನೆಯವರು ಸೇರಿ ಗಟ್ಟಿಯಾಗಿ ಓದಿ. ಓದು ಬಾರದ ಹಿರಿಯರನ್ನೂ ಕೂರಿಸಿಕೊಳ್ಳಿ. ಗಣಿಯ ಗುಡಿಸಲಲ್ಲಿ ಆದದ್ದು ನಮ್ಮ ಜಗಲಿಯಲ್ಲಿ ಆಗದೇ?

ಸಭೆಯ ಸಮಯವನ್ನು ಹೆಂಗಸರ ಬಸ್ಸಿನ ಲೆಕ್ಕದಲ್ಲಿ ಇಡಿ. ಅಸರ್ ಆದ ಕೂಡಲೆ ಶುರು, ಮಗ್ರಿಬ್‌ಗೆ ಬಿಡುವು, ಇಶಾಕ್ಕೆ ಮೊದಲು ಮುಕ್ತಾಯ. ಸ್ವಾಗತಕ್ಕೆ ಐದು ನಿಮಿಷ ಸಾಕು. ಶಾಲು, ಸ್ಮರಣಿಕೆ ಕೊನೆಯಲ್ಲಿ ಇರಲಿ. ನಿಮ್ಮ ಮನೆಯ ಹುಡುಗಿಗೆ ಬರಲಿಕ್ಕೆ ಆಗದ ಸಭೆಯಲ್ಲಿ ಅರ್ಧ ಸಮುದಾಯ ಗೈರು ಎಂದೇ ಅರ್ಥ.

ಪ್ರಶ್ನೆಗೆ ಕಡ್ಡಾಯವಾಗಿ ಅರ್ಧ ಗಂಟೆ ಕೊಡಿ. ಎದ್ದು ನಿಂತು ಕೇಳಲು ನಾಚುವವರಿಗೆ ಚೀಟಿ ಕೊಡಿ, ಹೆಸರು ಬರೆಯಬೇಕೆಂದಿಲ್ಲ. ಮೊದಲ ಮೂರು ಚೀಟಿ ಹೆಂಗಸರ ಕಡೆಯಿಂದ, ವಿದ್ಯಾರ್ಥಿಗಳ ಕಡೆಯಿಂದ ಬರಲಿ. ಅತಿಥಿಗಳಿಗೆ ಮುಜುಗರ ಆಗುವ ಪ್ರಶ್ನೆ ಬಂದರೆ ಹೆದರಬೇಡಿ. ನಿಜವಾದ ಚಿಂತಕರಿಗೆ ಅದೇ ಇಷ್ಟ.

ಭಾಷಣ ಇಂಗ್ಲಿಷಿನಲ್ಲೋ ಗಟ್ಟ ಕನ್ನಡದಲ್ಲೋ ಇದ್ದರೆ, ಕೊನೆಯಲ್ಲಿ ಒಬ್ಬರು ಹತ್ತು ನಿಮಿಷ ಬ್ಯಾರಿಯಲ್ಲಿ ಅದರ ಸಾರ ಹೇಳಲಿ. ಆ ಕೆಲಸಕ್ಕೆ ಕಾಲೇಜು ಹುಡುಗ ಹುಡುಗಿಯರನ್ನು ನಿಲ್ಲಿಸಿ. ಇನ್ನೊಬ್ಬರ ವಿಚಾರವನ್ನು ತನ್ನ ಬಾಸೆಗೆ ತರುವವರು ಅರ್ಧ ಚಿಂತಕರೇ ಆಗಿಬಿಡುತ್ತಾರೆ.

ಎಲ್ಲದಕ್ಕಿಂತ ಮುಖ್ಯ, ಸಭೆ ಮುಗಿದ ಮೇಲೆ ಎರಡು ಪುಟ ಬರೆದಿಡಿ. ಬಂದವರು ಏನು ಹೇಳಿದರು, ನಾವು ಏನು ಕೇಳಿದೆವು, ಯಾವುದಕ್ಕೆ ಉತ್ತರ ಸಿಗಲಿಲ್ಲ. ಒಂದು ನೋಟ್ ಪುಸ್ತಕ ಮದ್ರಸದ ಕಪಾಟಿನಲ್ಲೋ ಸಂಘದ ಆಫೀಸಿನಲ್ಲೋ ಇರಲಿ. ಒಂದು ಊರಿನ ಗಣಿಗಾರರು ಒಬ್ಬ ಪಂಡಿತರ ಬರಹಗಳನ್ನು ಹೀಗೆ ಕಾಪಾಡಿದ್ದರಿಂದ ಅವು ನೂರು ವರ್ಷ ಬಾಳಿದವು. ನಮ್ಮ ಊರಲ್ಲಿ ಆದ ಎಷ್ಟು ಒಳ್ಳೆಯ ಮಾತುಗಳು ಶಾಮಿಯಾನ ಬಿಚ್ಚಿದ ದಿನವೇ ಹೋಗಿಬಿಟ್ಟವೋ!

ಗಣಿ ಈಗ ಇಲ್ಲ. 1956ರಲ್ಲಿ ಸರಕಾರದ ಕೈಗೆ ಬಂದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಸುರಂಗಗಳಲ್ಲಿ ನೀರು ತುಂಬಿತು. ವಿಜ್ಞಾನಿಗಳ ಪ್ರಯೋಗಾಲಯ ಅದಕ್ಕೂ ಮೊದಲೇ ಎದ್ದು ಹೋಗಿತ್ತು. ಗಣಿಗಾರರ ಮಕ್ಕಳು, ಮೊಮ್ಮಕ್ಕಳು ಇಂದು ಮಾರಿಕುಪ್ಪಂನಲ್ಲಿ, ಉರಿಗಾಂನಲ್ಲಿ ನಸುಕಿಗೇ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ, ರಾತ್ರಿ ಮರಳುತ್ತಾರೆ. ಅಲ್ಲಿಂದ ತೆಗೆದ ಚಿನ್ನ ಯಾರ ತಿಜೋರಿಯಲ್ಲಿದೆಯೋ ಅವರಿಗೆ ಗೊತ್ತಿಲ್ಲ. ಆದರೆ ಅವರ ಅಜ್ಜಂದಿರು ಪೈಸೆ ಕೂಡಿಸಿ ನಡೆಸಿದ ಪತ್ರಿಕೆ, ಅಚ್ಚು ಹಾಕಿಸಿದ ಪುಸ್ತಕಗಳು ಇವತ್ತಿಗೂ ಓದುವವರ ಕೈಯಲ್ಲಿವೆ.

ಮುಂದಿನ ಸಲ ನಿಮ್ಮ ಊರಿನ ಕಾರ್ಯಕ್ರಮದ ಕರೆಯೋಲೆ ಮನೆಗೆ ಬಂದಾಗ, ವೇದಿಕೆಯಲ್ಲಿ ಯಾರಿದ್ದಾರೆ ಅಂತ ನೋಡುವ ಮೊದಲು ಅದರಲ್ಲಿ ಪ್ರಶ್ನೆಗೆ ಸಮಯ ಇಟ್ಟಿದ್ದಾರೆಯೇ ಅಂತ ನೋಡಿ. ಇಡದಿದ್ದರೆ ಕಮಿಟಿಯವರಿಗೆ ಫೋನ್ ಮಾಡಿ ಕೇಳಿ. ನಿಮ್ಮ ಮೊದಲ ಪ್ರಶ್ನೆ ಅದೇ ಆಗಲಿ.